ಹಲಗೆಯ ಮೇಲೊಂದು ಖಾಲಿ ಜಾಗ

ಮೇಸ್ತ್ರಿಗೆ ಜೇಬು ಕಂಡರೆ ಆಗುತ್ತಿರಲಿಲ್ಲ. ಬೇರೆಯವರಿಗೆ ಹಾವು ಕಂಡರೆ, ಹಲ್ಲಿ ಕಂಡರೆ ಆಗದಿರಬಹುದು; ಇವರಿಗೆ ಜೇಬು. ಯುದ್ಧವಿಮಾನ ರಿಪೇರಿ ಮಾಡುವ ಶೆಡ್ಡಿನಲ್ಲಿ ಮೂವತ್ತೊಂದು ವರ್ಷದ ಕೆಲಸ, ಅದರಲ್ಲಿ ಹದಿನಾರು ವರ್ಷ ಅಲ್ಲಿಗೇ ದೊಡ್ಡ ಮೇಸ್ತ್ರಿ. ಅವರ ಕೈಕೆಳಗಿನ ಇಪ್ಪತ್ತನಾಲ್ಕು ಜನರಲ್ಲಿ ಒಬ್ಬರ ಡಂಗ್ರಿಗೂ, ಅಂದರೆ ಕುತ್ತಿಗೆಯಿಂದ ಕಾಲಿನ ತನಕ ಒಂದೇ ತುಂಡಾಗಿರುವ ಆ ನೀಲಿ ಕೆಲಸದ ಬಟ್ಟೆಗೂ, ತೆರೆದ ಜೇಬಿರಲಿಲ್ಲ. ಹೊಸ ಡಂಗ್ರಿ ಬಂತೋ, ಮೊದಲು ಮೇಸ್ತ್ರಿ ಮನೆಗೆ. ಅಲ್ಲಿ ಅವರ ಹೆಂಡತಿ, ಬೀದಿಗೆಲ್ಲ ಬಟ್ಟೆ ಹೊಲಿದುಕೊಡುವಾಕೆ, ಮಷಿನ್ ಮುಂದೆ ಕೂತು ಒಂದೊಂದೇ ಜೇಬಿನ ಬಾಯಿ ಹೊಲಿದು ಮುಚ್ಚಬೇಕು.

"ಜೇಬಿದ್ರೆ ಕೈ ಸುಮ್ನಿರಲ್ಲ ಕಣ್ರೋ. ಒಂದು ಸ್ಕ್ರೂ ಹಾಕ್ಕೊಳ್ತೀರಿ, ಬಗ್ತೀರಿ, ಅದು ಎಂಜಿನ್ ಒಳಗೆ ಬೀಳತ್ತೆ. ಮೇಲೆ ಹೋದವರು ಕೆಳಗೆ ಬರಲ್ಲ" ಎಂದು ಅವರು ಹೊಸಬರಿಗೆ ಹೇಳುತ್ತಿದ್ದರು. ಹೇಳುವಾಗ ನಗುತ್ತಿರಲಿಲ್ಲ.

ಜೇಬಿನ ಬದಲು ಹಲಗೆ ಇತ್ತು. ಗೋಡೆಯ ತುಂಬ ಹಬ್ಬಿದ ಬಿಳಿ ಹಲಗೆ. ಅದರ ಮೇಲೆ ಒಂದೊಂದು ಸ್ಪ್ಯಾನರಿನ, ಸ್ಕ್ರೂಡ್ರೈವರಿನ, ಇಕ್ಕಳದ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದಿತ್ತು. ಕೆಲಸ ಮುಗಿದ ಮೇಲೆ ಪ್ರತಿಯೊಂದು ಉಪಕರಣವೂ ತನ್ನ ನೆರಳಿನ ಮೇಲೆ ಹೋಗಿ ಕೂರಬೇಕು. ಒಂದೇ ಒಂದು ಕಪ್ಪು ಆಕಾರ ಖಾಲಿ ಕಂಡರೂ ಅವತ್ತು ಆ ಶೆಡ್ಡಿನಿಂದ ವಿಮಾನ ಹೊರಡುವಂತಿಲ್ಲ, ರಾಷ್ಟ್ರಾಧ್ಯಕ್ಷರೇ ಬಂದು ಕೂತಿದ್ದರೂ ಸರಿ. ಹದಿನಾರು ವರ್ಷದಲ್ಲಿ ಆ ಹಲಗೆ ಒಂದು ದಿನವೂ ಖಾಲಿ ಜಾಗ ಇಟ್ಟುಕೊಂಡು ಮಲಗಿರಲಿಲ್ಲ. ಮೇಸ್ತ್ರಿಗೆ ಇದ್ದ ಜಂಬ ಅದೊಂದೇ.

ಅಂಥ ಮೇಸ್ತ್ರಿ ನಿವೃತ್ತಿಗೆ ಇನ್ನು ಎಂಟು ವಾರ ಇದೆ ಅನ್ನುವಾಗ ಸರ್ಕಾರ ಹೊಸ ಯುದ್ಧವಿಮಾನ ಆರಿಸಲು ಹೊರಟಿತು. ಹೊರಟಿತು ಅನ್ನುವುದೂ ತಪ್ಪೇ. ಹನ್ನೆರಡು ವರ್ಷದಿಂದ ಹೊರಡುತ್ತಲೇ ಇತ್ತು. ಒಂದು ಸಮಿತಿ ಬರೆದದ್ದನ್ನು ಇನ್ನೊಂದು ಸಮಿತಿ ಹರಿದು, ಒಬ್ಬ ಮಂತ್ರಿ ಒಪ್ಪಿದ್ದನ್ನು ಮುಂದಿನವರು ಬೇಡವೆಂದು, ಅಷ್ಟರಲ್ಲಿ ಹಳೆಯ ವಿಮಾನಗಳು ಅವನ್ನು ಹಾರಿಸುವವರಿಗಿಂತ ದೊಡ್ಡ ವಯಸ್ಸಿನವಾಗಿದ್ದವು. ಕೊನೆಗೂ ಜರಡಿ ಹಿಡಿದು ಹಿಡಿದು ಎರಡು ಕಂಪನಿಗಳ ಎರಡು ವಿಮಾನ ಉಳಿದವು. ಶೆಡ್ಡಿನವರು ಒಂದೇ ದಿನದಲ್ಲಿ ಅವಕ್ಕೆ ಹೆಸರಿಟ್ಟರು. ಚೂಪು ಮೂಗಿನ, ಫಳಫಳ ಹೊಳೆಯುವ, ಕೈ ಇಟ್ಟರೆ ಬೆರಳಿನ ಗುರುತು ಮೂಡುವಂಥದ್ದು ಮದುಮಗ. ಅಗಲ ಹೊಟ್ಟೆಯ, ಗಿಡ್ಡ ಕಾಲಿನ, ನೋಡಿದರೆ ನಗು ಬರುವಂಥದ್ದು ಡುಮ್ಮ.

ಆರಿಸುವ ಸಮಿತಿಯಲ್ಲಿ ಐದು ಜನ. ವಾಯುಪಡೆಯ ಹಿರಿಯ ಅಧಿಕಾರಿಯೊಬ್ಬರು ಅಧ್ಯಕ್ಷರು. ವಿದೇಶಾಂಗ ಇಲಾಖೆಯವರೊಬ್ಬರು, ಯಾವ ದೇಶದಿಂದ ಕೊಂಡರೆ ಯಾವ ದೇಶ ಮುನಿಸಿಕೊಳ್ಳುತ್ತದೆ ಎಂದು ನೋಡುವುದಕ್ಕೆ. ಕಾರ್ಯದರ್ಶಿಯಾಗಿ ಒಬ್ಬರು ಮೇಡಂ. ಕಾಗದದಲ್ಲಿ ಅಲ್ಪವಿರಾಮ ತಪ್ಪಿದರೂ ವಾಪಸ್ ಕಳಿಸುವ ಜಾತಿ. ಹಾರಿಸಿ ನೋಡಲು ಕ್ಯಾಪ್ಟನ್. ಬಿಚ್ಚಿ ನೋಡಲು ಮೇಸ್ತ್ರಿ.

ಕ್ಯಾಪ್ಟನ್ ಅಂದರೆ ಮೂವತ್ತೆರಡರ ಹೆಣ್ಣುಮಗಳು. ತರಬೇತಿಗೆ ಬಂದ ಮೊದಲ ದಿನ ಅವಳನ್ನು ಸೀಟಿಗೆ ಕೂರಿಸಿ ಬೆಲ್ಟ್ ಬಿಗಿದವರು ಮೇಸ್ತ್ರಿಯೇ. ಅಂದಿನಿಂದ ಅವಳು ಅವರನ್ನು 'ಮಾಮ' ಅನ್ನುತ್ತಾಳೆ. ಅವರು ನಾಲ್ಕು ಜನರ ಮುಂದೆ 'ಮೇಡಂ', ಯಾರೂ ಇಲ್ಲದಾಗ 'ಮಗಳೇ'. ಮದುಮಗನನ್ನು ಹಾರಿಸಿ ಇಳಿದ ದಿನ ಅವಳ ಮುಖ ನೋಡಬೇಕಿತ್ತು.

"ಮಾಮ, ಏನ್ ವಿಮಾನ ಅದು! ಯೋಚನೆ ಮಾಡೋಷ್ಟರಲ್ಲಿ ತಿರುಗಿರತ್ತೆ. ಡುಮ್ಮನಿಗೆ ಎರಡು ಸಲ ಹೇಳ್ಬೇಕು."

"ಎರಡು ಸಲ ಹೇಳಿದ ಮೇಲೆ ಕೇಳತ್ತಲ್ಲ ಮಗಳೇ, ಸಾಕು ಬಿಡು" ಎಂದರು ಮೇಸ್ತ್ರಿ.

ಅವರ ಮನಸ್ಸು ಬೇರೆ ಕಡೆ ಇತ್ತು. ಹದಿನೆಂಟು ವರ್ಷದ ಹಿಂದೆ ಹಳೆಯ ವಿಮಾನ ಮಾರಿದ್ದ ದೇಶಕ್ಕೂ ಇಲ್ಲಿನ ಸರ್ಕಾರಕ್ಕೂ ಏನೋ ಮಾತಿಗೆ ಮಾತು ಬೆಳೆಯಿತು. ಆ ದೇಶದವರು ಬಾಂಬು ಹಾಕಲಿಲ್ಲ, ಬೈಯಲಿಲ್ಲ. ಟೈರು ಕಳಿಸುವುದನ್ನು ನಿಲ್ಲಿಸಿದರು, ಅಷ್ಟೇ. ಹದಿನಾಲ್ಕು ತಿಂಗಳು ಇಪ್ಪತ್ತು ವಿಮಾನ ಇಟ್ಟಿಗೆಯ ಮೇಲೆ ನಿಂತವು. ಮೇಸ್ತ್ರಿ ಒಂದರ ಅಂಗ ಕಿತ್ತು ಇನ್ನೊಂದಕ್ಕೆ ಜೋಡಿಸಿ, ಹೇಗೋ ಅವುಗಳಲ್ಲಿ ಆರನ್ನು ಹಾರಿಸುತ್ತ, ಊಟ ನಿದ್ದೆ ಬಿಟ್ಟು ಕಡ್ಡಿಯಾದರು. ಈಗ ಬರುವ ವಿಮಾನ ನಲವತ್ತು ವರ್ಷ ಇರುತ್ತದೆ. ತಾನಿಲ್ಲದಾಗಲೂ ಇರುತ್ತದೆ. ತನ್ನ ಶೆಡ್ಡಿನವರು ಯಾರ ಅಪ್ಪಣೆಯನ್ನೂ ಕೇಳದೆ ಬಿಚ್ಚಿ ಮುಚ್ಚಬಹುದಾದ ವಿಮಾನ ಬರಬೇಕು. ಅದೊಂದು ನಡೆದರೆ ನೆಮ್ಮದಿಯಾಗಿ ಮನೆಗೆ ಹೋಗಬಹುದು ಎಂದು ಅವರ ಆಸೆ.

ಆದರೆ ಅಂಕಗಳು ಬೇರೆ ಮಾತು ಹೇಳುತ್ತಿದ್ದವು. ನೂರು ಅಂಕದಲ್ಲಿ ಎಂಬತ್ತೈದು ತುಂಬಿಯಾಗಿತ್ತು: ವೇಗ, ರೇಡಾರ್, ಸಾಲದ ಷರತ್ತು, ದೇಶದ ಸ್ನೇಹ ಎಲ್ಲ ಸೇರಿ ಮದುಮಗನಿಗೆ ಎಪ್ಪತ್ತೊಂದು, ಡುಮ್ಮನಿಗೆ ಅರವತ್ತನಾಲ್ಕು. ಉಳಿದದ್ದು ಒಂದೇ ಕಲಮು, ಹದಿನೈದು ಅಂಕದ್ದು: 'ಅನಿರೀಕ್ಷಿತವಾಗಿ ನಿಂತರೆ, ಪೂರ್ತಿ ಪರೀಕ್ಷಿಸಿ ಮತ್ತೆ ಹಾರಲು ಎಷ್ಟು ಹೊತ್ತು?' ಎರಡೂ ಕಂಪನಿಯವರು ಅಂದವಾಗಿ 'ಎರಡು ಗಂಟೆ' ಎಂದು ಬರೆದುಕೊಟ್ಟಿದ್ದರು. ಕಾಗದವನ್ನು ನಂಬಿದರೆ ಇಬ್ಬರಿಗೂ ಹದಿನೈದು, ಗೆದ್ದವನು ಮದುಮಗ. ಹಾಗೆ ನಂಬದೆ ಮಾಡುವುದೇನು, ಬೇಕೆಂದೇ ವಿಮಾನ ಕೆಡಿಸಲಾದೀತೇ?

ಬುಧವಾರ ಮಂತ್ರಿಗಳು ಬರುವುದಿತ್ತು. ಮಧ್ಯಾಹ್ನ ಮೂರಕ್ಕೆ ಎರಡೂ ವಿಮಾನಗಳು ಅವರ ಮುಂದೆ ಹಾರಬೇಕು. ಫೋಟೋದಲ್ಲಿ ಚೆನ್ನಾಗಿ ಕಾಣಲಿ ಎಂದು ಮುಖ್ಯ ಕಚೇರಿಯಿಂದ ಹಿಂದಿನ ದಿನ ಸಂಜೆ ಹೊಸ ಡಂಗ್ರಿಗಳ ಗಂಟು ಬಂತು. ಒಂದೊಂದಕ್ಕೂ ಒಂಬತ್ತು ಜೇಬು! ಮೇಸ್ತ್ರಿ ಹಣೆ ಹಣೆ ಚಚ್ಚಿಕೊಂಡರು.

"ಯಾವ ಪುಣ್ಯಾತ್ಮ ಹೊಲಿದನೋ. ಮನುಷ್ಯನಿಗೆ ಎರಡೇ ಕೈ ಇರೋದು ಅಂತ ಗೊತ್ತಿಲ್ವಾ ಅವನಿಗೆ?"

"ಗೊಣಗಬೇಡಿ, ಕೊಡಿ ಇಲ್ಲಿ" ಎಂದು ಹೆಂಡತಿ ಇಪ್ಪತ್ತೈದು ಡಂಗ್ರಿಗಳನ್ನೂ ಎಳೆದುಕೊಂಡಳು. ಇವರು ಬಿಡಿಸಿ ಕೊಡುತ್ತ ಹೋದರು, ಅವಳು ಹೊಲಿಯುತ್ತ ಹೋದಳು. ಊಟದ ಹೊತ್ತಿಗೆ ಎಲ್ಲ ಮುಗಿದು ಮಡಿಸಿ ಇಟ್ಟದ್ದೂ ಆಯಿತು.

ಬುಧವಾರ ಬೆಳಿಗ್ಗೆ ಮೇಸ್ತ್ರಿ ಮೊದಲು ಡುಮ್ಮನನ್ನು, ಆಮೇಲೆ ಮದುಮಗನನ್ನು ತಪಾಸಣೆ ಮಾಡಿದರು. ಅಂಕ ಕೊಡುವವರು ಎರಡಕ್ಕೂ ತಾವೇ ಕೈ ಹಚ್ಚಬೇಕೆಂಬುದು ನಿಯಮ. ಮಂಡಿಯೂರಿ, ಮಲಗಿ, ತೆವಳಿ, ಹನ್ನೆರಡಕ್ಕೆ ಎದ್ದು ಹಲಗೆಯ ಮುಂದೆ ಬಂದು ನಿಂತರು. ವಾಡಿಕೆಯಂತೆ ಎಡಗಡೆಯಿಂದ ಕಣ್ಣಾಡಿಸಿದರು. ನಾಲ್ಕನೆಯ ಸಾಲಿನಲ್ಲಿ ಕಣ್ಣು ನಿಂತಿತು.

ಕಡ್ಡಿಗನ್ನಡಿ ಇರಲಿಲ್ಲ. ಗೇಣುದ್ದದ ಕಡ್ಡಿಯ ತುದಿಗೆ ರೂಪಾಯಿ ನಾಣ್ಯದಷ್ಟು ಕನ್ನಡಿ; ಕಣ್ಣು ತೂರದ ಸಂದಿಗಳಲ್ಲಿ ಇಣುಕಲು ಬಳಸುವಂಥದ್ದು. ಎರಡೂ ವಿಮಾನಕ್ಕೆ ಬಳಸಿದ್ದು ನೆನಪಿದೆ, ತಂದು ಹಾಕಿದ್ದು ನೆನಪಿಲ್ಲ. ನೆಲ ನೋಡಿದರು, ಡಬ್ಬ ಸುರಿದರು, ಏಣಿಯ ಮೆಟ್ಟಿಲು ಮೆಟ್ಟಿಲು ತಡವಿದರು. ಮೈ ತಡವಿಕೊಳ್ಳುವ ಯೋಚನೆ ಅವರಿಗಿರಲಿ, ಇಪ್ಪತ್ತನಾಲ್ಕು ಜನರಲ್ಲಿ ಒಬ್ಬರಿಗೂ ಬರಲಿಲ್ಲ. ಜೇಬೇ ಇಲ್ಲದವರು ಜೇಬು ತಡಕುತ್ತಾರೆಯೇ?

ಬೀರುವಿನಲ್ಲಿ ಅಂಥದೇ ಇನ್ನೊಂದು ಕನ್ನಡಿ ಇತ್ತು. ತಂದು ಹಲಗೆಗೆ ನೇತುಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಮೇಸ್ತ್ರಿ ಬೀರುವನ್ನು ನೋಡಿದರು. ಆಮೇಲೆ ತಮ್ಮ ಮೇಲೇ ಹೇಸಿಗೆಪಟ್ಟುಕೊಂಡು ಸೀದಾ ಅಧ್ಯಕ್ಷರ ಕೋಣೆಗೆ ನಡೆದರು.

"ಸಾರ್, ನನ್ನಿಂದ ಒಂದು ಕನ್ನಡಿ ಕಳೆದಿದೆ. ಎರಡರಲ್ಲಿ ಯಾವುದರೊಳಗಾದ್ರೂ ಇರಬಹುದು. ಎರಡೂ ನಿಲ್ಲಬೇಕು."

ಅಧ್ಯಕ್ಷರ ಮುಖ ಕೆಂಪಾಯಿತು. "ಮಂತ್ರಿಗಳು ದಾರಿಯಲ್ಲಿದ್ದಾರೆ! ಮೂವತ್ತೊಂದು ವರ್ಷ ಸುಮ್ಮನಿದ್ದು ಇವತ್ತೇ ಕಳೀಬೇಕಾಗಿತ್ತೇನ್ರಿ ನಿಮಗೆ?"

ಮೇಸ್ತ್ರಿಗೆ ನೆಲ ಬಾಯಿಬಿಟ್ಟರೆ ಸಾಕಾಗಿತ್ತು. ಬಾಗಿಲಲ್ಲಿ ಹಾರುವ ಉಡುಪು ತೊಟ್ಟು ನಿಂತಿದ್ದ ಕ್ಯಾಪ್ಟನ್ ಹೇಳಿದಳು: "ಸಾರ್, ಹಾರಬೇಕಾದವಳು ನಾನು. ಮೇಸ್ತ್ರಿ ಹೂಂ ಅನ್ನೋ ತನಕ ನಾನು ಹತ್ತಲ್ಲ." ಅಲ್ಲಿಗೆ ಮಾತು ಮುಗಿಯಿತು. ಕಾರ್ಯದರ್ಶಿ ಮೇಡಂ ಕೈಗಡಿಯಾರ ನೋಡಿ ಪುಸ್ತಕದಲ್ಲಿ ಬರೆದುಕೊಂಡರು: ಹನ್ನೆರಡು ಗಂಟೆ ಹತ್ತು ನಿಮಿಷ.

ಡುಮ್ಮನ ಕಂಪನಿಯಿಂದ ಬಂದಿದ್ದವನು ಬೋಳುತಲೆಯ ಹಿರಿಯ ಎಂಜಿನಿಯರ್. ಸುದ್ದಿ ಕೇಳಿ "ನಮ್ಮಲ್ಲೂ ಆಗತ್ತೆ" ಎಂದು ಅಂಗಿಯ ತೋಳು ಮಡಿಸಿ ತಾನೂ ಕೆಳಗೆ ಕೂತ. ಡುಮ್ಮನ ಹೊಟ್ಟೆಯ ಮುಚ್ಚಳಗಳು ಚಿಲಕ ತಿರುವಿದರೆ ತೆರೆಯುವಂಥವು. ಶೆಡ್ಡಿನವರು ಅರವತ್ತೊಂದು ಮುಚ್ಚಳ ತೆರೆದು, ಮೂಲೆ ಮೂಲೆಗೆ ದೀಪ ಹಿಡಿದು ನೋಡಿ, ಐವತ್ತು ನಿಮಿಷದಲ್ಲಿ ಕೈ ಝಾಡಿಸಿಕೊಂಡು ಎದ್ದರು. ಕನ್ನಡಿ ಇರಲಿಲ್ಲ. ಮತ್ತೆ ಮುಚ್ಚುವುದಕ್ಕೆ ಇಪ್ಪತ್ತು ನಿಮಿಷ.

ಮದುಮಗನ ಕಡೆಯವನು ಕೋಟು ಬಿಚ್ಚಲಿಲ್ಲ. ಹೊಟ್ಟೆಯ ಮುಚ್ಚಳಗಳಿಗೆ ವಿಶೇಷ ಅಂಟು ಹಚ್ಚಿದೆ ಎಂದ. ಕೀಳಲು ವಿಶೇಷ ಯಂತ್ರ ಬೇಕು ಎಂದ. ಅದಕ್ಕೂ ಮೊದಲು ಮುಖ್ಯ ಕಚೇರಿಯ ಒಪ್ಪಿಗೆ ಬೇಕು, ಅಲ್ಲಿ ಇವತ್ತು ರಜ ಎಂದ. ಮತ್ತೆ ಅಂಟು ಹಚ್ಚಿದ ಮೇಲೆ ಒಣಗಲು ಹನ್ನೆರಡು ಗಂಟೆ ಬೇಕು ಎಂದ. ಕೊನೆಗೆ ನಗುತ್ತ, "ಅಷ್ಟು ಸಣ್ಣ ಕನ್ನಡಿ, ನಮ್ಮ ವಿಮಾನಕ್ಕೆ ಏನೂ ಆಗಲ್ಲ, ಹಾರಿಸಿ" ಎಂದ.

"ಹಾಗಾದ್ರೆ ನೀವೂ ಹಿಂದಿನ ಸೀಟಲ್ಲಿ ಕೂತ್ಕೊಳ್ಳಿ, ಇಬ್ಬರೂ ಹೋಗೋಣ" ಎಂದಳು ಕ್ಯಾಪ್ಟನ್. ಅವನು ಮುಖ್ಯ ಕಚೇರಿಗೆ ಫೋನ್ ಮಾಡಲು ಹೊರಗೆ ನಡೆದ.

ಮೂರಕ್ಕೆ ಮಂತ್ರಿಗಳು ಬಂದು ಡುಮ್ಮನೊಬ್ಬನನ್ನೇ ನೋಡಿ, ಚೆನ್ನಾಗಿದೆ ಎಂದು ಕೈ ಬೀಸಿ ಹೋದರು. ಮದುಮಗನ ಒಪ್ಪಿಗೆ ಗುರುವಾರ ಬಂದು, ಹೊಟ್ಟೆ ಬಿಚ್ಚಿ, ಹುಡುಕಿ, ಅಂಟು ಒಣಗಿ, ಹಾರಬಹುದು ಎನ್ನುವ ಹೊತ್ತಿಗೆ ಶುಕ್ರವಾರದ ಬೆಳಕು ಹರಿದಿತ್ತು. ನಲವತ್ತೊಂದು ಗಂಟೆ. ಅದರಲ್ಲೂ ಕನ್ನಡಿ ಇರಲಿಲ್ಲ.

ಎರಡರಲ್ಲೂ ಇಲ್ಲ ಅಂದರೆ ಎಲ್ಲಿ ಹೋಯಿತು? ಹಲಗೆಯ ಮೇಲಿನ ಆ ಕಪ್ಪು ಆಕಾರ ಮೇಸ್ತ್ರಿಯನ್ನು ನೋಡಿ ಅಣಕಿಸತೊಡಗಿತು. ವಯಸ್ಸಾಯಿತು, ಅರಳುಮರಳು ಶುರು ಎಂದು ಕ್ಯಾಂಟೀನಿನಲ್ಲಿ ಯಾರೋ ಆಡಿಕೊಂಡದ್ದು ಕಿವಿಗೆ ಬಿತ್ತು. ಮನೆಯಲ್ಲಿ ತಟ್ಟೆಯ ಮುಂದೆ ಕೂತರೆ ತುತ್ತು ಇಳಿಯದು. ಬುಧವಾರದ ಆ ಶನಿ ಡಂಗ್ರಿಯನ್ನು ಬಾಗಿಲ ಹಿಂದೆ ಎಸೆದು, ಹಳೆಯದನ್ನೇ ತೊಟ್ಟು ಕೆಲಸಕ್ಕೆ ಹೋಗುತ್ತಿದ್ದರು.

ಶನಿವಾರ ಮಧ್ಯಾಹ್ನ ಹೆಂಡತಿ ಒಗೆಯಲು ಬಟ್ಟೆ ಎತ್ತಿದಳು. ಡಂಗ್ರಿ ಎತ್ತಿ ಕೊಡವಿದಳು. ಠಣ್ ಎಂದು ಏನೋ ನೆಲಕ್ಕೆ ಬಿತ್ತು.

"ರೀ... ಬನ್ನಿ ಇಲ್ಲಿ."

ಮೇಸ್ತ್ರಿ ಬಂದು ನೋಡಿದರು. ನೆಲದ ಮೇಲೆ ಕಡ್ಡಿಗನ್ನಡಿ ಬಿದ್ದು, ಸೂರನ್ನು ತೋರಿಸುತ್ತ ಹೊಳೆಯುತ್ತಿತ್ತು. ಹೆಂಡತಿ ಡಂಗ್ರಿಯ ಬಲಗಾಲನ್ನು ತಿರುವಿ ತೋರಿಸಿದಳು. ಮಂಡಿಯ ಕೆಳಗೆ, ಮಡಿಕೆಯೊಳಗೆ, ಬಾಯಿ ತೆರೆದುಕೊಂಡು ಉದ್ದನೆಯದೊಂದು ಜೇಬು. ಇಪ್ಪತ್ತೈದು ಡಂಗ್ರಿ, ಇನ್ನೂರ ಇಪ್ಪತ್ತೈದು ಜೇಬಿನಲ್ಲಿ ಅವಳ ಕಣ್ಣು ತಪ್ಪಿದ್ದು ಅದೊಂದೇ. ಮಂಡಿಯೂರಿದಾಗ ಪಕ್ಕದಲ್ಲಿಟ್ಟ ಕನ್ನಡಿ ನೆಟ್ಟಗೆ ಅದರೊಳಕ್ಕೆ ಜಾರಿದೆ.

"ಅಯ್ಯೋ, ನನ್ನ ಕಣ್ಣಿಗೆ ಏನಾಗಿತ್ತು! ನಿಮ್ಮ ಮರ್ಯಾದೆ ನಾನೇ ಕಳೆದೆನಲ್ಲ" ಎಂದು ಅವಳು ಅಲ್ಲೇ ಕುಸಿದು ಕೂತಳು. ಕಣ್ಣಲ್ಲಿ ನೀರು.

ಮೇಸ್ತ್ರಿಯೂ ಪಕ್ಕದಲ್ಲೇ ಕೂತರು. ಮೂರು ದಿನದ ಭಾರ ಎದೆಯಿಂದ ಇಳಿದದ್ದು ನಿಜ. ಆದರೆ ಮರುಗಳಿಗೆಯೇ ಇನ್ನೊಂದು ಭಾರ ಏರಿ ಕೂತಿತು. ಸೋಮವಾರ ಕೊನೆಯ ಸಭೆ. ಕನ್ನಡಿ ತನ್ನ ಕಾಲಲ್ಲೇ ಇತ್ತು ಎಂದರೆ, ವಿಮಾನ ನಿಲ್ಲಿಸಿದ್ದೇ ಸುಳ್ಳು ಕಾರಣಕ್ಕೆ, ಆ ನಲವತ್ತೊಂದು ಗಂಟೆ ಲೆಕ್ಕಕ್ಕೇ ಇಲ್ಲ ಎನ್ನುತ್ತಾರೆ. ಮದುಮಗ ಗೆಲ್ಲುತ್ತಾನೆ. ಇನ್ನು ನಲವತ್ತು ವರ್ಷ ತನ್ನ ಶೆಡ್ಡಿನವರು ಅಂಟು ಕೀಳಲು ಯಾವುದೋ ದೇಶದ ರಜ ಮುಗಿಯುವುದನ್ನು ಕಾಯುತ್ತ ಕೂರುತ್ತಾರೆ.

"ಹೇಳದೆ ಇದ್ರೆ?" ಎಂದಳು ಹೆಂಡತಿ ಮೆಲ್ಲಗೆ.

"ಹೇಳದೆ ಇದ್ರೆ ಡುಮ್ಮ ಬರ್ತಾನೆ. ಆದ್ರೆ ಹಲಗೆ ಮೇಲೆ ಆ ಜಾಗ ಖಾಲಿ ಇರತ್ತೆ ಕಣೇ. ಅದನ್ನ ಹಾಗೇ ಬಿಟ್ಟು ಮನೆಗೆ ಬರೋಕೆ ನನ್ನಿಂದ ಆಗಲ್ಲ."

ಅವಳು ಸೆರಗಿನಿಂದ ಕನ್ನಡಿ ಒರೆಸಿ ಅವರ ಕೈಗಿಟ್ಟಳು. "ಹೇಳಿಬಿಡಿ. ಹೊಲಿದವಳು ನಾನು ಅಂತಲೂ ಹೇಳಿ."

ಸೋಮವಾರ ಮೇಸ್ತ್ರಿ ಸಭೆಯ ಮೇಜಿನ ಮೇಲೆ ಕನ್ನಡಿ ಇಟ್ಟು ನಡೆದದ್ದನ್ನು ನಡೆದ ಹಾಗೆ ಹೇಳಿದರು. ಹೊಲಿದವಳ ಮಾತು ಮಾತ್ರ ನುಂಗಿಕೊಂಡರು. ಬಿಡಿಸಿ ಕೊಟ್ಟವನು ನಾನು, ನೋಡಬೇಕಾದವನು ನಾನು ಎಂದರು. ಕಂಪನಿಗಳ ಇಬ್ಬರೂ ಎದುರಿಗೆ ಕೂತಿದ್ದರು. ಕೋಟಿನವನು ಮೇಜು ಕುಟ್ಟಿದ.

"ನೋಡಿದ್ರಾ! ನಮ್ಮ ವಿಮಾನದಲ್ಲಿ ಕನ್ನಡಿ ಇರಲೇ ಇಲ್ಲ. ಆ ನಲವತ್ತೊಂದು ಗಂಟೆಗೆ ಅರ್ಥವೇ ಇಲ್ಲ, ತೆಗೆದುಹಾಕಿ!"

ಅಧ್ಯಕ್ಷರು ಗಡ್ಡ ಕೆರೆದುಕೊಂಡರು. ಮೇಸ್ತ್ರಿಗೆ ಎಲ್ಲ ಮುಗಿಯಿತು ಅನ್ನಿಸಿ, ಕುರ್ಚಿಯ ಕೈ ಬಿಗಿಯಾಗಿ ಹಿಡಿದರು. ಆಗ ಕಾರ್ಯದರ್ಶಿ ಮೇಡಂ ಕನ್ನಡಕ ಸರಿಮಾಡಿಕೊಂಡು ತಮ್ಮ ಪುಸ್ತಕ ತೆರೆದರು.

"ಡುಮ್ಮ... ಕ್ಷಮಿಸಿ, ಅವರ ವಿಮಾನದಲ್ಲೂ ಕನ್ನಡಿ ಇರಲಿಲ್ಲ" ಎಂದರು. "ಇಲ್ಲ ಅಂತ ಅವರಿಗೆ ಐವತ್ತು ನಿಮಿಷದಲ್ಲಿ ಗೊತ್ತಾಯ್ತು. ನಿಮಗೆ ಗುರುವಾರ ಗೊತ್ತಾಯ್ತು, ಹಾರೋ ಹಾಗಾಗೋಕೆ ಶುಕ್ರವಾರ ಆಯ್ತು. ಕಲಮು ಕೇಳಿರೋದು ಅದನ್ನೇ: ಅನಿರೀಕ್ಷಿತವಾಗಿ ನಿಂತರೆ ಎಷ್ಟು ಹೊತ್ತು? ಯಾಕೆ ನಿಂತಿತು ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ನೀವು ಎರಡು ಗಂಟೆ ಅಂತ ಸಹಿ ಹಾಕಿದ್ದೀರಿ."

ಅಧ್ಯಕ್ಷರು ಕ್ಯಾಪ್ಟನ್ ಕಡೆ ತಿರುಗಿ, "ನಿಮಗೆ ಅದೇ ಇಷ್ಟ ಆಗಿತ್ತಲ್ಲ?" ಎಂದು ಕೇಳಿದರು.

"ಈಗಲೂ ಇಷ್ಟಾನೇ ಸಾರ್. ಅದರ ಜೊತೆ ಹಾರೋಕೆ ಇಷ್ಟ" ಎಂದಳು ಅವಳು. ನಿಟ್ಟುಸಿರು ಬಿಟ್ಟು ಸೇರಿಸಿದಳು: "ಆದ್ರೆ ಬುಧವಾರ ನಾನು ಹಾರಿದ್ದು ಇನ್ನೊಂದರಲ್ಲಿ. ಅವತ್ತು ಯುದ್ಧ ಆಗಿದ್ದಿದ್ರೂ ಅದರಲ್ಲೇ ಹಾರ್ತಿದ್ದೆ."

ಹದಿನೈದರಲ್ಲಿ ಡುಮ್ಮನಿಗೆ ಹದಿನೈದು, ಮದುಮಗನಿಗೆ ಎರಡು. ಎಪ್ಪತ್ತೊಂಬತ್ತಕ್ಕೆ ಎಪ್ಪತ್ತಮೂರು. ಐವರೂ ಸಹಿ ಹಾಕಿದರು. ಮೇಸ್ತ್ರಿಯ ಸಹಿ ಯಾವತ್ತಿಗಿಂತ ಉದ್ದವಾಯಿತು.

ಸಭೆ ಮುಗಿದು ಅವರು ಸೀದಾ ಶೆಡ್ಡಿಗೆ ಹೋದರು. ಕನ್ನಡಿಯನ್ನು ಅದರ ನೆರಳಿನ ಮೇಲೆ ನೇತುಹಾಕಿದರು. ಆಮೇಲೆ ಕಳೆದ ಉಪಕರಣಗಳ ಪುಸ್ತಕ ತೆಗೆದು, ಹದಿನಾರು ವರ್ಷದಿಂದ ಖಾಲಿ ಇದ್ದ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದರು: 'ಕಡ್ಡಿಗನ್ನಡಿ. ಕಳೆದವರು, ದೊಡ್ಡ ಮೇಸ್ತ್ರಿ. ಸಿಕ್ಕಿದ ಜಾಗ, ಅವರದೇ ಜೇಬು.' ಸುತ್ತ ನಿಂತ ಇಪ್ಪತ್ತನಾಲ್ಕು ಜನ ನಗಬೇಕೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವರು ಮೇಸ್ತ್ರಿಯೇ.

ಡುಮ್ಮಂದಿರು ಬಂದು ಇಳಿಯುವ ಹೊತ್ತಿಗೆ ಮೇಸ್ತ್ರಿ ಮನೆಯಲ್ಲಿದ್ದು ಒಂದೂವರೆ ವರ್ಷವಾಗಿತ್ತು. ಮೊದಲ ಹಾರಾಟದ ಮಾರನೆಯ ದಿನ ಬೆಳಿಗ್ಗೆ ಬಾಗಿಲ ಮುಂದೆ ಜೀಪು ನಿಂತಿತು. ಕ್ಯಾಪ್ಟನ್ ಇಳಿದು ಒಂದು ದೊಡ್ಡ ಗಂಟನ್ನು ತಾನೇ ಹೊತ್ತುಕೊಂಡು ಒಳಗೆ ಬಂದಳು.

"ಹೇಗೆ ಮಗಳೇ ಡುಮ್ಮ?"

"ಎರಡು ಸಲ ಹೇಳ್ತೀನಿ ಮಾಮ, ಕೇಳತ್ತೆ" ಎಂದು ಗಂಟನ್ನು ಕೆಳಗಿಟ್ಟಳು. "ನಲವತ್ತು ಹೊಸ ಡಂಗ್ರಿ. ನಿಮ್ಮ ಕೈ ದಾಟದೆ ಶೆಡ್ಡಿನವರು ಯಾರೂ ತೊಡಲ್ಲ ಅಂತ ಹಟ ಹಿಡಿದು ಕೂತಿದ್ದಾರೆ."

ಮೇಸ್ತ್ರಿ ಗಂಟು ಬಿಚ್ಚಿದರು. ಹೆಂಡತಿ ಆಗಲೇ ಮಷಿನ್ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಬಲಗಾಲು ಮೊದಲು ಕೊಡಿ" ಎಂದಳು ಅವಳು, "ಮಂಡಿ ಕೆಳಗಿನದು."